ಕೈಯಿಂದ ಮಾಡಿದ ರೆಸಿನ್ ವಸ್ತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿ ಪೂರ್ವದ ನಮ್ಮ ಫ್ಲ್ಯಾಟಿನ ಒಂದು ಬೆಡ್‌ರೂಮೇ ನನ್ನ ಕಾರ್ಖಾನೆ. ಕೋಸ್ಟರ್ (ಲೋಟದಡಿ ಇಡುವ ಬಿಲ್ಲೆ), ಟ್ರೇ, ಗೋಡೆ ಗಡಿಯಾರ, ಮನೆಯ ನಾಮಫಲಕ, ಮದುವೆ ಹಾರದ ಹೂವಿನ ಫ್ರೇಮು, ಇಷ್ಟನ್ನು ರೆಸಿನ್‌ನಲ್ಲಿ ಮಾಡುತ್ತೇನೆ. ಕೊಳ್ಳುವವರಲ್ಲಿ ಹೆಚ್ಚಿನವರು ಮುಂಬಯಿಯ ಕನ್ನಡದವರು, ತುಳುವರು. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ವಾಟ್ಸಾಪಿನಲ್ಲಿ ದಿನಾ ಅದನ್ನೇ ಟೈಪ್ ಮಾಡುವುದಕ್ಕಿಂತ ಇಲ್ಲಿ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ. ಕೊಳ್ಳುವವರ ಪ್ರಶ್ನೆ ಮೊದಲು, ಕಲಿಯಬೇಕು ಅನ್ನುವವರದ್ದು ಆಮೇಲೆ.

ಇದು ಗಾಜಾ, ಪ್ಲಾಸ್ಟಿಕ್ಕಾ?

ಪ್ಲಾಸ್ಟಿಕ್. ಗಾಜಿನ ಹಾಗೆ ಹೊಳೆಯುತ್ತದೆ ಅಷ್ಟೆ. ಎಪಾಕ್ಸಿ ರೆಸಿನ್ ಬರುವುದು ಎರಡು ಬಾಟಲಿಗಳಲ್ಲಿ. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಬೇರೆ ಬೇರೆ ಇಟ್ಟರೆ ಎರಡೂ ತಿಂಗಳುಗಟ್ಟಲೆ ನೀರಾಗಿಯೇ ಇರುತ್ತವೆ, ಕೂಡಿಸಿದರೆ ಒಂದಕ್ಕೊಂದು ಬೆಸೆದುಕೊಂಡು ಬಿಸಿಯಾಗಿ ಗಟ್ಟಿಯಾಗುತ್ತವೆ. ಒಮ್ಮೆ ಗಟ್ಟಿಯಾದದ್ದನ್ನು ಮತ್ತೆ ಕರಗಿಸಲಾಗುವುದಿಲ್ಲ. ನಲ್ಲಿ ಸೋರಿದಾಗ ಪ್ಲಂಬರ್ ಎರಡು ಬಣ್ಣದ ಉಂಡೆಗಳನ್ನು ಕೈಯಲ್ಲೇ ನಾದಿ ಮೆತ್ತುವ ಎಂ-ಸೀಲ್ ಗೊತ್ತಲ್ಲ, ಅದೂ ಎಪಾಕ್ಸಿಯೇ. ಅರಾಲ್ಡೈಟ್ ಕೂಡ ಅದೇ ಮನೆತನ. 1930–40ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪಿಯೆರ್ ಕಸ್ತಾನ್, ಅಮೆರಿಕದಲ್ಲಿ ಸಿಲ್ವನ್ ಗ್ರೀನ್ಲೀ ಬೇರೆ ಬೇರೆಯಾಗಿಯೇ ಇದರ ಬೆನ್ನು ಹತ್ತಿದ್ದರು. ಕಸ್ತಾನ್ ಹುಡುಕುತ್ತಿದ್ದದ್ದು ಕಟ್ಟಿಸಿಕೊಳ್ಳುವ ಹಲ್ಲಿಗೆ ತಕ್ಕ ವಸ್ತು! ಅದು ಅಂಟಾಗಿ, ಬಣ್ಣವಾಗಿ, ಫ್ಯಾಕ್ಟರಿ ನೆಲವಾಗಿ, ಈಗ ನಿಮ್ಮ ಷೋಕೇಸಿನಲ್ಲಿ ಬಂದು ಕೂತಿದೆ.

ಗಿಫ್ಟ್ ಅಂಗಡಿಯಲ್ಲಿ ರೆಸಿನ್ ಗಣಪತಿ ಇನ್ನೂರು ರೂಪಾಯಿಗೆ ಸಿಗುತ್ತದೆ. ನಿಮ್ಮದು ಯಾಕೆ ಇಷ್ಟು ದುಬಾರಿ?

ಹೆಸರು ಒಂದೇ ಆದರೂ ವಸ್ತು ಬೇರೆ. ಆ ಮೂರ್ತಿಗಳು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್‌ಗೆ ಕಲ್ಲಿನ ಪುಡಿ ಬೆರೆಸಿ ಅಚ್ಚಿಗೆ ಹೊಯ್ದು, ಮೇಲೆ ಬಣ್ಣ ಬಳಿದವು. ಅದಕ್ಕೂ ನಾವು ಬಳಸುವ ಪಾರದರ್ಶಕ ಎಪಾಕ್ಸಿಗೂ ರೇಟಿನಲ್ಲಿ ಹೋಲಿಕೆಯೇ ಇಲ್ಲ. ನೇಲ್ ಆರ್ಟ್‌ನವರು ದೀಪದಡಿ ಇಟ್ಟು ನಿಮಿಷದಲ್ಲಿ ಒಣಗಿಸುವ ಯುವಿ ರೆಸಿನ್ ಮೂರನೆಯದು. ಅದು ಕಿವಿಯೋಲೆಯಂಥ ತೆಳು ಕೆಲಸಕ್ಕೆ ಮಾತ್ರ.

ಇನ್ನು ಲೆಕ್ಕ. 10 ಸೆಂ.ಮೀ. ಅಗಲ, 8 ಮಿ.ಮೀ. ದಪ್ಪದ ಒಂದು ದುಂಡು ಕೋಸ್ಟರ್‌ಗೆ ಸುಮಾರು 63 ಮಿ.ಲೀ. ರೆಸಿನ್ ಬೇಕು, ತೂಕದಲ್ಲಿ 70 ಗ್ರಾಂ. ನಾಲ್ಕರ ಸೆಟ್ಟಿಗೆ ಕಾಲು ಕಿಲೋಗಿಂತ ಹೆಚ್ಚು. 30 ಸೆಂ.ಮೀ. ಗಡಿಯಾರ 4 ಮಿ.ಮೀ. ದಪ್ಪ ಅಂದರೂ 300 ಗ್ರಾಂ ದಾಟುತ್ತದೆ. ಕಪ್ಪಿನಲ್ಲಿ ಅಂಟಿ ಉಳಿಯುವುದು, ಬಣ್ಣ, ಸವೆಯುವ ಅಚ್ಚು, ಪಾಲಿಶ್‌ಗೆ ಹೋಗುವ ಹೊತ್ತು ಎಲ್ಲ ಇದರ ಮೇಲೆ. ಯಾರ ಹತ್ತಿರ ಕೊಂಡರೂ ದಪ್ಪ ಎಷ್ಟು ಅಂತ ಕೇಳಿ. ಫೋಟೋದಲ್ಲಿ 3 ಮಿ.ಮೀ. ಕೋಸ್ಟರೂ 8 ಮಿ.ಮೀ. ಕೋಸ್ಟರೂ ಒಂದೇ ಥರ ಕಾಣುತ್ತವೆ.

ಬಿಸಿ ಬಿಸಿ ಕಾಫಿ ಲೋಟ ಇಡಬಹುದಾ?

ಕಾಫಿ ಇಡುವುದಕ್ಕೇ ತಾನೇ ಕೋಸ್ಟರ್ ಅನ್ನುತ್ತೀರಿ, ನ್ಯಾಯವೇ. ಆದರೆ ಸಾಮಾನ್ಯ ಆರ್ಟ್ ರೆಸಿನ್ 50–60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗಲು ಶುರುವಾಗುತ್ತದೆ. ಒಲೆಯಿಂದ ಇಳಿಸಿ ಆಗಷ್ಟೇ ಸೋಸಿದ ಚಹಾ ಅದಕ್ಕಿಂತ ಎಷ್ಟೋ ಬಿಸಿ. ಪಿಂಗಾಣಿ ಮಗ್ಗಿನ ತಳದಲ್ಲಿ ಒಂದು ಅಂಚು ಇರುತ್ತದೆ, ತಳ ಪೂರ್ತಿ ತಾಗುವುದಿಲ್ಲ, ಹಾಗಾಗಿ ನಡೆಯುತ್ತದೆ. ನಮ್ಮ ಕಡೆಯ ಸ್ಟೀಲ್ ಲೋಟ ಹಾಗಲ್ಲ. ತೆಳು ತಗಡು, ಚಪ್ಪಟೆ ತಳ, ಶಾಖವೆಲ್ಲ ನೇರ ಕೆಳಗೆ. ಹತ್ತು ನಿಮಿಷ ಬಿಟ್ಟು ಎತ್ತಿದರೆ ಕೋಸ್ಟರೂ ಲೋಟದ ಜೊತೆ ಮೇಲೆ ಬರುತ್ತದೆ. ಬಿಡಿಸಿದರೆ ಮೈಮೇಲೆ ಉಂಗುರದ ಗುರುತು. ಡಬರಾ ಇಟ್ಟು ಅದರೊಳಗೆ ಲೋಟ ಇಟ್ಟರೆ ಈ ತೊಂದರೆ ಇಲ್ಲ. ದಿನಾ ಸ್ಟೀಲ್ ಲೋಟದಲ್ಲೇ ಕುಡಿಯುವ ಮನೆಯಾದರೆ ಆರ್ಡರ್ ಕೊಡುವಾಗಲೇ ಹೇಳಿ, ಹೆಚ್ಚು ಶಾಖ ತಡೆಯುವ ರೆಸಿನ್‌ನಲ್ಲಿ ಮಾಡಿ, ಅಡಿಗೆ ಕಾರ್ಕ್ ಅಂಟಿಸಿ ಕೊಡುತ್ತೇನೆ. ಕುಕ್ಕರ್, ಬಾಣಲೆ ಇಡಲು ಯಾವ ರೆಸಿನ್ನೂ ಬೇಡ. ಅದಕ್ಕೆ ಹಳೇ ಮರದ ಮಣೆಯೇ ಸರಿ.

ಟ್ರೇಯಲ್ಲಿ ತಿಂಡಿ ಬಡಿಸಬಹುದಾ?

ತಟ್ಟೆ, ಬಟ್ಟಲು ಇಟ್ಟು ಕೊಡಿ. ಪೂರಿ, ಉಪ್ಪಿನಕಾಯಿ, ಹೆಚ್ಚಿದ ಹಣ್ಣು ನೇರವಾಗಿ ರೆಸಿನ್ ಮೇಲೆ ಬೇಡ. ‘ಫುಡ್ ಸೇಫ್’ ಎಂದು ಬಾಟಲಿ ಮೇಲೆ ಬರೆದಿದ್ದರೂ ಆ ಮಾತು ನಿಲ್ಲುವುದು ಅಳತೆ ಸರಿಯಾಗಿದ್ದು, ಪೂರ್ತಿ ಗಟ್ಟಿಯಾಗಿದ್ದರೆ ಮಾತ್ರ. ಅದಕ್ಕೆ ನಾವು ಬೆರೆಸುವ ಬಣ್ಣ, ಮಿಂಚುಪುಡಿಗಳಿಗೆ ಆ ಮಾತು ಅನ್ವಯವಾಗುವುದಿಲ್ಲ. ಮನೆಯಲ್ಲಿ ಕೂತು ಮಾಡುವ ಯಾರಾದರೂ ‘ನೂರಕ್ಕೆ ನೂರು ಫುಡ್ ಸೇಫ್’ ಅಂದರೆ ನಾನಂತೂ ನಂಬುವುದಿಲ್ಲ. ಹಾಗೆಯೇ ಮಗು ಬಾಯಿಗೆ ಹಾಕುವ ಆಟಿಕೆಯನ್ನು ರೆಸಿನ್‌ನಲ್ಲಿ ಮಾಡಿಕೊಡುವುದಿಲ್ಲ. ಅದಕ್ಕೆ ಚನ್ನಪಟ್ಟಣದವರಿದ್ದಾರೆ.

ಹಳದಿಯಾಗುತ್ತದೆ ಅಂತಾರೆ, ನಿಜವಾ?

ನಿಜ. ಬಿಸಿಲಿನ ಅತಿನೇರಳೆ ಕಿರಣ ಎಪಾಕ್ಸಿಯನ್ನು ಹಳದಿ ಮಾಡುತ್ತದೆ. ಒಳ್ಳೆಯ ರೆಸಿನ್‌ನಲ್ಲಿ ಇದನ್ನು ತಡೆಯುವ ಅಂಶ ಬೆರೆಸಿರುತ್ತಾರೆ, ಆದರೆ ಅದು ತಡಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮನೆಯೊಳಗೆ ಬಿಸಿಲು ನೇರ ಬೀಳದ ಗೋಡೆಗೆ ಹಾಕಿದರೆ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿ ಬೇಡ. ಕಡುನೀಲಿ, ಹಸಿರು, ಕಪ್ಪು ಬಣ್ಣದಲ್ಲಿ ಹಳದಿ ಅಷ್ಟಾಗಿ ಕಾಣುವುದಿಲ್ಲ. ಬಿಳಿ ಮತ್ತು ಪೂರ್ತಿ ಪಾರದರ್ಶಕದಲ್ಲಿ ಬೇಗ ಗೊತ್ತಾಗುತ್ತದೆ. ‘ಎಂದೂ ಹಳದಿಯಾಗದ’ ಎಂಬ ಜಾಹೀರಾತು ಓದಿದರೆ ನಕ್ಕು ಮುಂದೆ ಹೋಗಿ.

ಮದುವೆಯ ಹಾರವನ್ನು ಹಾಗೇ ಉಳಿಸಿಕೊಡುತ್ತೀರಾ? ಎಷ್ಟು ದಿನ ಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ನಿರೀಕ್ಷೆ ಇರುವುದೂ ಇಲ್ಲೇ. ‘ಹಾಗೇ’ ಉಳಿಯುವುದಿಲ್ಲ. ಹಸಿ ಹೂವನ್ನು ರೆಸಿನ್‌ನಲ್ಲಿ ಮುಳುಗಿಸಿದರೆ ಅದರೊಳಗಿನ ನೀರು ಎಲ್ಲಿಗೂ ಹೋಗಲಾರದೆ ಗುಳ್ಳೆಯೇಳುತ್ತದೆ, ಹೂವು ಕೆಲವೇ ದಿನಗಳಲ್ಲಿ ಕಂದಿ ಕೊಳೆಯುತ್ತದೆ. ಹಾಗಾಗಿ ಮೊದಲ ಕೆಲಸ ಒಣಗಿಸುವುದು.

ಮಾಟುಂಗದಲ್ಲೋ ಕುರ್ಲಾದಲ್ಲೋ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಹಾರ ಯಾವುದೋ ಕುರ್ಚಿಯ ಬೆನ್ನಿಗೆ ನೇತಾಡುತ್ತಿರುತ್ತದೆ. ಮನೆಯವರಲ್ಲಿ ಒಬ್ಬರಿಗೆ ಮೊದಲೇ ಜವಾಬ್ದಾರಿ ಕೊಡಿ. ನೀರು ಚಿಮುಕಿಸಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಪೇಪರಿನಲ್ಲಿ ಸಡಿಲವಾಗಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಫ್ರೀಜರ್ ಖಂಡಿತ ಬೇಡ. ಮರುದಿನದೊಳಗೆ ನನಗೆ ತಲುಪಿಸಿ.

ನಾನು ಹಾರ ಬಿಚ್ಚಿ ಚೆನ್ನಾಗಿರುವ ಹೂವುಗಳನ್ನಷ್ಟೇ ಆರಿಸಿ ತೇವ ಹೀರುವ ಸಿಲಿಕಾ ಜೆಲ್ ಹರಳಿನಲ್ಲಿ ಹೂಳುತ್ತೇನೆ. ತೆಳು ಎಸಳಿನವು ನಾಲ್ಕೈದು ದಿನಕ್ಕೆ ಗರಿಗರಿಯಾಗುತ್ತವೆ, ದಪ್ಪ ಗುಲಾಬಿಗೆ ಹತ್ತು ದಿನವೂ ಬೇಕು. ಎಸಳು ಒಣಗಿದ್ದರೂ ತೊಟ್ಟಿನ ಬುಡದಲ್ಲಿ ತೇವ ಉಳಿದಿರುತ್ತದೆ. ಉಗುರಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ: ಪೂರ್ತಿ ಒಣಗಿದ್ದು ಟಕ್ಕನೆ ಮುರಿಯುತ್ತದೆ, ಒಣಗದ್ದು ಬಗ್ಗುತ್ತದೆ. ಬಗ್ಗುವ ಹೂವನ್ನು ಮತ್ತೆ ಹರಳಿಗೆ ಹಾಕುತ್ತೇನೆ, ಮದುಮಗಳು ಎಷ್ಟು ಅವಸರ ಮಾಡಿದರೂ.

ಬಣ್ಣದ ವಿಷಯ ಮೊದಲೇ ತಿಳಿದಿರಲಿ. ಕೆಂಪು ಗುಲಾಬಿ ಒಣಗಿದಾಗ ಕಡುಮರೂನ್, ಕೆಲವೊಮ್ಮೆ ಹೆಚ್ಚುಕಡಿಮೆ ಕಪ್ಪು. ಹಳದಿ ಸೇವಂತಿಗೆ ಬಣ್ಣ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಎಸಳು ಮಾತ್ರ ಉದುರುತ್ತದೆ. ಸುಗಂಧರಾಜದ ದಪ್ಪ ಎಸಳು ಕಂದುತ್ತದೆ. ಇನ್ನು ಮಲ್ಲಿಗೆ. ಊರಿಂದ ಬಸ್ಸಿನಲ್ಲಿ ತರಿಸಿದ ಶಂಕರಪುರ ಮಲ್ಲಿಗೆಯ ಚೆಂಡನ್ನು ಬಾಳೆನಾರಿನ ಸಮೇತ ಕೈಯಲ್ಲಿ ಕೊಟ್ಟು, ‘ಬಿಳಿ ಇದ್ದ ಹಾಗೇ ಬೇಕು’ ಅನ್ನುತ್ತಾರೆ. ಮಲ್ಲಿಗೆ ಬಿಳಿ ಉಳಿಯುವುದಿಲ್ಲ, ಚಹಾ ಬಣ್ಣಕ್ಕೆ ತಿರುಗುತ್ತದೆ. ಪರಿಮಳ ಹೇಗೂ ಉಳಿಯುವುದಿಲ್ಲ. ಕೆಲವರು ಒಣಗಿದ ಹೂವಿಗೆ ಬಿಳಿ ಬಣ್ಣ ಸವರಿ ಕೊಡುತ್ತಾರೆ. ನನಗದು ಒಗ್ಗುವುದಿಲ್ಲ. ಬೇಕಾದರೆ ಹೇಳಿ, ಬೇರೆಯವರ ನಂಬರ್ ಕೊಡುತ್ತೇನೆ.

ಆಮೇಲೆ ಹೊಯ್ಯುವುದು. ಒಣಹೂವು ಹಗುರ, ಒಂದೇ ಸಲ ತುಂಬಿಸಿದರೆ ಎಲ್ಲ ಮೇಲೆ ತೇಲಿ ಬರುತ್ತವೆ. ಹಾಗಾಗಿ ಮೊದಲು ತೆಳುವಾದ ಒಂದು ಪದರ, ಅದು ಅರ್ಧ ಗಟ್ಟಿಯಾದ ಮೇಲೆ ಹೂವಿನ ಜೋಡಣೆ, ಅದರ ಮೇಲೆ ಇನ್ನೊಂದು ಪದರ, ಹೀಗೆ. ದಪ್ಪ ಬ್ಲಾಕ್ ಆದರೆ ಹೊಯ್ಯುವುದಕ್ಕೂ ಉಜ್ಜಿ ಪಾಲಿಶ್ ಮಾಡುವುದಕ್ಕೂ ಸೇರಿ ಎರಡು ಮೂರು ವಾರ. ಹಾರ ಕೈಗೆ ಬಂದ ದಿನದಿಂದ ಆರರಿಂದ ಎಂಟು ವಾರ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಮಂತ್ರಾಕ್ಷತೆ, ಲಗ್ನಪತ್ರಿಕೆ, ಫೋಟೋ ಸೇರಿಸಬಹುದಾ?

ಸೇರಿಸಬಹುದು. ಮಂತ್ರಾಕ್ಷತೆಗೆ ತುಪ್ಪ ಹಚ್ಚಿದ್ದರೆ ಮೊದಲೇ ಹೇಳಬೇಕು, ಜಿಡ್ಡಿದ್ದಲ್ಲಿ ರೆಸಿನ್ ಹಿಡಿಯುವುದಿಲ್ಲ. ಅರಿಶಿನದ ಹಳದಿ ಬೆಳಕಿಗೆ ಮಾಸುತ್ತದೆ, ಕೆಲವು ವರ್ಷಕ್ಕೆ ಅಕ್ಷತೆ ಬರೀ ಅಕ್ಕಿಯ ಹಾಗೆ ಕಾಣಬಹುದು. ಇಂಕ್‌ಜೆಟ್ ಪ್ರಿಂಟ್ ಫೋಟೋ ಕದಡುತ್ತದೆ, ಸ್ಟುಡಿಯೋದಲ್ಲಿ ತೆಗೆಸಿದ ಪ್ರಿಂಟ್ ಅಥವಾ ಲೇಸರ್ ಪ್ರಿಂಟ್ ತನ್ನಿ. ಪತ್ರಿಕೆಯ ಕಾಗದ ರೆಸಿನ್ ಹೀರಿಕೊಂಡರೆ ಒದ್ದೆಯಾದಂತೆ ಕಪ್ಪಾಗುತ್ತದೆ, ಎರಡೂ ಬದಿಗೆ ಮೊದಲು ಅಂಟು ಸವರಿ ಒಣಗಿಸಿಕೊಳ್ಳುತ್ತೇನೆ.

ಏನು ತಂದರೂ ಒಳಗೆ ಹಾಕಿ ಕೊಡುತ್ತೀರಾ?

ಇಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಹುಲಿ ಉಗುರು ತಂದು ಪೆಂಡೆಂಟ್ ಮಾಡಿ ಅಂದವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೊತ್ತಿದ್ದೂ ಕೇಳುತ್ತಾರೋ ಗೊತ್ತಿಲ್ಲದೆಯೋ! ಹವಳದ ತುಂಡು, ಸಮುದ್ರಕುದುರೆ, ಸಮುದ್ರ ಬೀಸಣಿಗೆ (ಬೀಸಣಿಗೆಯಾಕಾರದ ಹವಳ) ಕೂಡ ಅದೇ ಕಾಯ್ದೆಯಡಿ ಬರುತ್ತವೆ, ಗೋವಾ ಬೀಚಿನಲ್ಲಿ ಬಿದ್ದಿತ್ತು ಅಂದರೂ ಮುಟ್ಟುವುದಿಲ್ಲ. ಮರಳು, ಸಾಮಾನ್ಯ ಕಪ್ಪೆಚಿಪ್ಪು ಪರವಾಗಿಲ್ಲ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ ತನ್ನಿ. ಮಗುವಿನ ಮೊದಲ ಕೂದಲು, ಒಣಗಿದ ಹೊಕ್ಕಳಬಳ್ಳಿ, ತೀರಿಹೋದವರ ಚಿತಾಭಸ್ಮ ಇವನ್ನು ಮಾಡಿಕೊಡುತ್ತೇನೆ. ಅಂಥದ್ದನ್ನು ಕೊರಿಯರ್‌ನಲ್ಲಿ ಕಳಿಸದೆ ಕೈಯಲ್ಲೇ ತಂದುಕೊಡಿ. ಭಸ್ಮದಲ್ಲಿ ಒಂದು ಚಮಚ ಸಾಕು, ಉಳಿದದ್ದನ್ನು ಮನೆಯ ಪದ್ಧತಿಯಂತೆ ವಿಸರ್ಜಿಸಿ.

ಕನ್ನಡದಲ್ಲಿ ಮನೆಯ ಹೆಸರು ಬರೆದುಕೊಡುತ್ತೀರಾ?

ಖಂಡಿತ. ಆದರೆ ಇಂಗ್ಲಿಷಿಗಿಂತ ರೇಟು ಸ್ವಲ್ಪ ಹೆಚ್ಚು, ಕಾರಣ ಹೇಳುತ್ತೇನೆ. ಇಂಗ್ಲಿಷ್ ಅಕ್ಷರಗಳ ಸಿಲಿಕೋನ್ ಅಚ್ಚು ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಓಣಿಗಳಲ್ಲಿ ರಾಶಿ ರಾಶಿ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಅಕ್ರಿಲಿಕ್ ಹಾಳೆಯಲ್ಲಿ ಲೇಸರ್ ಕಟ್ ಮಾಡಿಸಬೇಕು. ಕಟ್ ಮಾಡುವ ಹುಡುಗನಿಗೆ ಕನ್ನಡ ಬರುವುದಿಲ್ಲ. ‘ಅಮ್ಮ’ ಎಂದು ಕಟ್ ಮಾಡಿಸಿದರೆ ಮ-ಒತ್ತು ಬೇರೆ ಚೂರಾಗಿ ಬೀಳುತ್ತದೆ, ಅವನು ಅದನ್ನು ಕಸ ಅಂದುಕೊಂಡು ಎಸೆಯುತ್ತಾನೆ. ‘ಶ್ರೀ ಕೃಷ್ಣ ಪ್ರಸಾದ’ ಬರೆಸಿ ನೋಡಿ, ಒತ್ತುಗಳನ್ನೇ ಒಂದು ಡಬ್ಬಿಯಲ್ಲಿ ಎಣಿಸಿ ತರಬೇಕು. ಆಮೇಲೆ ಒಂದೊಂದನ್ನೂ ಚಿಮಟಿಗೆಯಲ್ಲಿ ಹಿಡಿದು ಅಕ್ಷರದ ಅಡಿಗೆ ನೇರವಾಗಿ ಕೂರಿಸಬೇಕು, ಒಂದು ಕೂದಲೆಳೆ ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಕೆಳಗೆ ಮರಾಠಿಯಲ್ಲೂ ಹೆಸರು ಬೇಕೆನ್ನುವವರು ಬಹಳ, ಕೊರಿಯರ್ ಹುಡುಗನಿಗೆ ಅನುಕೂಲ. ದೇವನಾಗರಿಯಲ್ಲಿ ತಲೆಗೆರೆ ಅಕ್ಷರಗಳನ್ನೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ ನನಗೂ ಅನುಕೂಲ.

ದೀಪಾವಳಿಗೆ ರೆಸಿನ್ ರಂಗೋಲಿ, ಆರತಿ ತಟ್ಟೆ ಸಿಗುತ್ತದೆಯಾ?

ಸಿಗುತ್ತದೆ. ಉರಿಯುವ ಹಣತೆಯನ್ನು ನೇರ ರೆಸಿನ್ ಮೇಲೆ ಇಡಬೇಡಿ. ಟೀ-ಲೈಟ್ ಎಂಬ ಪುಟ್ಟ ಮೇಣದ ದೀಪದ ತಗಡಿನ ಬಟ್ಟಲು ಬಿಸಿಯೇರಿ ರೆಸಿನ್ ಮೆತ್ತಗಾಗುತ್ತದೆ, ಮೇಲಾಗಿ ರೆಸಿನ್ ಹೊತ್ತಿಕೊಳ್ಳುವ ವಸ್ತು. ಬ್ಯಾಟರಿ ದೀಪ ಇಡಿ. ನಿಜದ ದೀಪವೇ ಬೇಕೆಂದರೆ ನಡುವೆ ಹಿತ್ತಾಳೆ ತಟ್ಟೆ ಕೂರುವಂತೆ ಜಾಗ ಬಿಟ್ಟು ಮಾಡುತ್ತೇನೆ. ಚೌತಿಗೆ ರೆಸಿನ್ ಗಣಪತಿ ಕೇಳುವವರಿಗೆ: ಷೋಕೇಸಿಗೆ ಆದರೆ ಸರಿ, ವಿಸರ್ಜನೆಗೆ ಆದರೆ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಇದು ನೀರಿನಲ್ಲಿ ಕರಗುವ ಮಾಲಲ್ಲ.

ಜೂನ್‌ನಲ್ಲಿ ಆರ್ಡರ್ ಕೊಟ್ಟರೆ ಯಾಕೆ ಇಷ್ಟು ತಡ?

ಜೂನ್ ಎರಡನೇ ವಾರ ಮಳೆ ಹಿಡಿದರೆ ಅಕ್ಟೋಬರ್ ಮೊದಲ ವಾರದವರೆಗೂ ಮುಂಬಯಿಯ ಗಾಳಿ ಹಿಂಡಿದರೆ ನೀರು ಬರುವಂತಿರುತ್ತದೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇ. 85 ದಾಟುವುದು ಮಾಮೂಲು. ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕಕ್ಕೆ ರೆಸಿನ್ ಜೊತೆ ಸೇರುವುದೇ ಕೆಲಸ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೇಲ್ಮೈಯಲ್ಲಿರುವ ಅಮೀನ್, ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಜೊತೆ ಸೇರಿಕೊಂಡುಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹೊಳೆಯಬೇಕಾದ ಮೈಮೇಲೆ ಮಸುಕು ಪೊರೆ, ಮುಟ್ಟಿದರೆ ಮೇಣದ ಜಿಡ್ಡು. ಉಗುರುಬೆಚ್ಚನೆ ಸೋಪು ನೀರಿನಿಂದ ಉಜ್ಜಿ ತೊಳೆದರೆ ಆ ಪೊರೆ ಹೋಗುತ್ತದೆ. ತೊಳೆಯದೆ ಮೇಲೊಂದು ಪದರ ಹೊಯ್ದರೆ ಅದು ಹಿಡಿಯುವುದಿಲ್ಲ, ತಿಂಗಳಲ್ಲಿ ಹೆಕ್ಕಳಿಕೆಯಾಗಿ ಎದ್ದು ಬರುತ್ತದೆ.

ಹಾಗಾಗಿ ಆ ನಾಲ್ಕು ತಿಂಗಳು ಕಿಟಕಿ ಮುಚ್ಚಿ, ಎಸಿಯನ್ನು ಡ್ರೈ ಮೋಡ್‌ಗೆ ಹಾಕಿ, ಕೋಣೆಯ ತೇವ ಶೇ. 60ರ ಒಳಗೆ ಇಳಿದ ಮೇಲಷ್ಟೇ ಬಾಟಲಿ ತೆರೆಯುತ್ತೇನೆ. ಹೊಯ್ದ ಮೇಲೂ ಇಡೀ ರಾತ್ರಿ ಎಸಿ ಓಡಬೇಕು. ನಡುವೆ ಕರೆಂಟು ಹೋದರೆ ದೇವರೇ ಗತಿ. ವಾರಕ್ಕೆ ಎಷ್ಟು ಸಲ ಹೊಯ್ಯಬಹುದು ಎನ್ನುವುದು ಮಳೆಯ ಮೇಲೆ, ಬಿಲ್ಲಿನ ಮೇಲೆ ನಿಂತಿದೆ. ರಕ್ಷಾಬಂಧನ, ಚೌತಿ ಗಿಫ್ಟುಗಳನ್ನು ಮೇ ತಿಂಗಳಲ್ಲೇ ಹೇಳಿಬಿಟ್ಟರೆ ನಿಮಗೂ ಒಳ್ಳೆಯದು, ನನಗೂ.

ಒರೆಸುವುದು ಹೇಗೆ? ಗೀರು ಬಿದ್ದರೆ?

ಮೆತ್ತನೆ ಬಟ್ಟೆ, ಬೇಕಿದ್ದರೆ ಒಂದು ಹನಿ ಸೋಪು. ನೇಲ್ ಪಾಲಿಶ್ ರಿಮೂವರ್, ಥಿನ್ನರ್, ಪಾತ್ರೆ ಉಜ್ಜುವ ಸ್ಕ್ರಬ್ಬರ್ ಬೇಡ. ಬೀಗದಕೈ ಗೊಂಚಲು ಎಳೆದರೆ ಗೀರು ಬೀಳುತ್ತದೆ. ಸಣ್ಣದಾದರೆ ಉಪ್ಪುಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿಕೊಡುತ್ತೇನೆ, ದೊಡ್ಡದಾದರೆ ಮೇಲೊಂದು ಪದರ ಹೊಯ್ಯಬೇಕು.

ಟ್ರೇ ಬಾಗಿದೆ, ಹಾಳಾಯಿತಾ?

ಹಾಳಾಗಿಲ್ಲ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟಿರುತ್ತೀರಿ, ಅಥವಾ ಗೋಡೆಗೆ ಓರೆಯಾಗಿ ಒರಗಿಸಿಟ್ಟಿರುತ್ತೀರಿ. ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ, ಮೆತ್ತಗಾದ ಮೇಲೆ ಚಪ್ಪಟೆ ಗ್ರಾನೈಟ್ ಮೇಲಿಟ್ಟು ಭಾರ ಹೇರಿ, ತಣ್ಣಗಾಗುವವರೆಗೆ ಬಿಡಿ. ನೆಟ್ಟಗಾಗುತ್ತದೆ. ಹಾರದ ಬ್ಲಾಕಿಗೆ, ಗಡಿಯಾರಕ್ಕೆ ಈ ಉಪಾಯ ಮಾಡಲು ಹೋಗಬೇಡಿ.

ಡೆಲಿವರಿ ಹೇಗೆ? ಊರಿಗೆ ಕಳಿಸುತ್ತೀರಾ?

ಸಣ್ಣ ಸಾಮಾನಾದರೆ ಠಾಣೆ, ಘಾಟ್‌ಕೋಪರ್, ದಾದರ್ ಸ್ಟೇಷನ್‌ನಲ್ಲಿ ಕೈಗೇ ಕೊಡುತ್ತೇನೆ, ಮಧ್ಯಾಹ್ನ 12ರಿಂದ 4ರೊಳಗೆ ಮಾತ್ರ. ಸಂಜೆ ಆರರ ಕರ್ಜತ್ ಫಾಸ್ಟ್ ಲೋಕಲ್ ರೈಲಿನಲ್ಲಿ ಗಡಿಯಾರ ಹಿಡಿದು ನಿಲ್ಲುವ ಧೈರ್ಯ ನನಗಿಲ್ಲ, ನಿಮಗೂ ಬೇಡ. ಊರಿಗೆ ಉಡುಪಿ, ಮಂಗಳೂರು ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತೇನೆ. ಮಾಡಿ ಮುಗಿಸಿದ ವಾರದವರೆಗೆ ಯಾವುದನ್ನೂ ಪ್ಯಾಕ್ ಮಾಡುವುದಿಲ್ಲ. ಮುಟ್ಟಲು 24 ಗಂಟೆಗೆ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರಲು ಸುಮಾರು 7 ದಿನ ಬೇಕು, ಅದಕ್ಕೆ ಮೊದಲೇ ಸುತ್ತಿದರೆ ಬಬಲ್ ರ‍್ಯಾಪ್‌ನ ಗುಳ್ಳೆಗಳೆಲ್ಲ ಮೈಮೇಲೆ ಅಚ್ಚೊತ್ತುತ್ತವೆ.

ಮನೆಯಲ್ಲೇ ಕಲಿಯಬಹುದಾ? ನಮ್ಮದು ಒನ್ ಆರ್‌ಕೆ (ಒಂದು ಕೋಣೆ, ಅಡುಗೆಮನೆ).

ಇಲ್ಲಿಂದ ಕಲಿಯುವವರಿಗೆ. ಒನ್ ಆರ್‌ಕೆಯಲ್ಲಿ ಮಾಡಬೇಡಿ ಎಂದೇ ಹೇಳುತ್ತೇನೆ. ಅಡುಗೆ, ನಿದ್ದೆ, ಮಗು ಎಲ್ಲ ಇರುವ ಕೋಣೆಯಲ್ಲಿ ಹಸಿ ರೆಸಿನ್‌ಗೆ ಜಾಗವಿಲ್ಲ. ವಾಸನೆ ಇಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. ಹಸಿ ರೆಸಿನ್, ಹಾರ್ಡನರ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಹೋಗುವುದಿಲ್ಲ, ಆಮೇಲೆ ಸ್ವಲ್ಪ ತಾಗಿದರೂ ತುರಿಕೆ, ಕೆಂಪು ಗಂದೆ. ಇದರಿಂದ ಕೆಲಸವನ್ನೇ ಬಿಟ್ಟವರಿದ್ದಾರೆ. ನೈಟ್ರೈಲ್ ಗ್ಲೌಸ್ ಹಾಕಿ, ಲೇಟೆಕ್ಸ್ ಸಾಲದು. ಕೈಗೆ ತಾಗಿದರೆ ಒಣ ಟಿಶ್ಯೂನಿಂದ ಒರೆಸಿ ಸೋಪು ನೀರಲ್ಲಿ ತೊಳೆಯಿರಿ. ಅಸಿಟೋನ್, ಥಿನ್ನರ್ ಹಚ್ಚಿದರೆ ರೆಸಿನ್ ಚರ್ಮದೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಎನ್-95 ಮಾಸ್ಕ್ ಉಜ್ಜುವಾಗಿನ ಧೂಳಿಗೆ ಸರಿ, ಆವಿಗೆ ಅಲ್ಲ. ಆವಿಗೆ ಇಂಗಾಲದ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಬಸುರಿಯರನ್ನೂ ಚಿಕ್ಕ ಮಕ್ಕಳನ್ನೂ ನನ್ನ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಸಾಮಾನು ಎಲ್ಲಿ ಸಿಗುತ್ತದೆ?

ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್. ಅಚ್ಚು, ಬಣ್ಣ, ಮಿಂಚು, ಗಡಿಯಾರದ ಮಷೀನು ಎಲ್ಲ ಅಲ್ಲೇ. ಭಾನುವಾರ ಬಿಟ್ಟು ಹೋಗಿ, ಚೌಕಾಸಿ ಮಾಡಿ. ರೆಸಿನ್ ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಹಾರ್ಡನರ್ ಹಳತಾದಂತೆ ಬಾಟಲಿಯಲ್ಲೇ ಹಳದಿಯಾಗುತ್ತದೆ. ಅಚ್ಚಿನ ಒಳಮೈ ಹೊಳೆಯುತ್ತಿದ್ದರೆ ನಿಮ್ಮ ವಸ್ತುವೂ ಹೊಳೆಯುತ್ತದೆ, ಮಂಕಾಗಿದ್ದರೆ ಮಂಕು. ಪುಣೆಯವರು ಚಳಿಗಾಲದಲ್ಲಿ ರೆಸಿನ್ ಬೆಳ್ಳಗೆ ಹರಳುಗಟ್ಟಿದೆ ಎಂದು ಗಾಬರಿಯಾಗಿ ಫೋನ್ ಮಾಡುತ್ತಾರೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ.

ಹೇಳಿದ ಅಳತೆಯಲ್ಲೇ ಬೆರೆಸಿದೆ, ಆದರೂ ಅಂಟು ಅಂಟು. ಯಾಕೆ?

ಮೊದಲು ಲೇಬಲ್ ಓದಿ: 2:1 ಎಂದಿರುವುದು ಅಳತೆ ಕಪ್ಪಿನ ಲೆಕ್ಕವೋ, ತೂಕದ ಲೆಕ್ಕವೋ? ರೆಸಿನ್ ಭಾರ, ಹಾರ್ಡನರ್ ಹಗುರ. ಕಪ್ಪಿನಲ್ಲಿ 2:1 ಅಂದದ್ದನ್ನು ತಕ್ಕಡಿಯಲ್ಲಿಟ್ಟರೆ 100 ಗ್ರಾಂ ರೆಸಿನ್‌ಗೆ ಹಾರ್ಡನರ್ ಸುಮಾರು 42ರಿಂದ 45 ಗ್ರಾಂ ಸಾಕು. 50 ಹಾಕಿದರೆ ಹೆಚ್ಚಾಯಿತು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಒಂದು ಹನಿ ಜಾಸ್ತಿ ಹಾಕುವವರಿದ್ದಾರೆ. ಜೊತೆ ಸಿಗದೆ ಉಳಿದ ಹಾರ್ಡನರ್ ಹಾಗೇ ಹಸಿಯಾಗಿ ಉಳಿಯುತ್ತದೆ, ವಸ್ತು ಎಂದಿಗೂ ಗಟ್ಟಿಯಾಗುವುದಿಲ್ಲ.

ಅಳತೆ ಸರಿಯಿದ್ದರೆ ಕಲಕುವುದರಲ್ಲಿ ದೋಷ. ಮೂರು ನಾಲ್ಕು ನಿಮಿಷ ನಿಧಾನವಾಗಿ, ಕಪ್ಪಿನ ಗೋಡೆ, ತಳ, ಕಡ್ಡಿಯ ಮೈ ಎಲ್ಲ ಕೆರೆದು ಕಲಕಿ, ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಒಂದು ನಿಮಿಷ. ಕೊನೆಗೆ ಕಪ್ಪಿನ ಬದಿಗೆ ಅಂಟಿದ್ದನ್ನು ಕೆರೆದು ಅಚ್ಚಿಗೆ ಹಾಕುವ ಆಸೆ ಬೇಡ. ಬಣ್ಣ ತೂಕದ ಶೇ. 5 ಮೀರದಿರಲಿ. ನೀರು ಬೆರೆತ ಪೋಸ್ಟರ್ ಕಲರ್, ಅಕ್ರಿಲಿಕ್ ಕಲರ್ ಹಾಕಿ ಕೈಸುಟ್ಟುಕೊಳ್ಳಬೇಡಿ.

ಗುಳ್ಳೆ ಹೋಗುವುದೇ ಇಲ್ಲ.

ಬೆರೆಸುವ ಮೊದಲು ರೆಸಿನ್ ಬಾಟಲಿಯನ್ನು ಹತ್ತು ನಿಮಿಷ ಬೆಚ್ಚನೆ ನೀರಿನಲ್ಲಿಡಿ, ರೆಸಿನ್ ತೆಳುವಾಗಿ ಗುಳ್ಳೆ ತಾನೇ ಮೇಲೆ ಬಂದು ಒಡೆಯುತ್ತದೆ. ನೀರಿನ ಹನಿ ಒಳಗೆ ಬೀಳಬಾರದು. ಎತ್ತರದಿಂದ ಸಣ್ಣ ಧಾರೆಯಾಗಿ ಹೊಯ್ಯಿರಿ. ಮೇಲೆ ಉಳಿದ ಗುಳ್ಳೆಗೆ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ದೂರದಿಂದ ಒಮ್ಮೆ ಆಡಿಸಿದರೆ ಸಾಕು. ಒಂದೇ ಕಡೆ ಹಿಡಿದರೆ ಸಿಲಿಕೋನ್ ಅಚ್ಚು ಸುಡುತ್ತದೆ. ಮರದ ಹಲಗೆಯಿಂದ ಬರುವ ಗುಳ್ಳೆ ಬೇರೆಯೇ, ಅದು ಮರದ ರಂಧ್ರದ ಗಾಳಿ. ಮೊದಲು ತೆಳು ಪದರ ಬಳಿದು ರಂಧ್ರ ಮುಚ್ಚಿ, ಆಮೇಲೆ ಹೊಯ್ಯಿರಿ.

ಕಪ್ಪಿನಲ್ಲಿ ಉಳಿದದ್ದು ಹೊಗೆಯಾಡಿತು! ಬೆಂಕಿ ಹತ್ತುತ್ತದಾ?

ದೊಡ್ಡ ಪ್ರಮಾಣ ಒಂದೇ ಕಡೆ ಕೂತರೆ ಅದರ ಬಿಸಿ ಹೊರಹೋಗದೆ ಅದನ್ನೇ ಇನ್ನಷ್ಟು ಬೇಗ ಕಾಯಿಸುತ್ತದೆ. ಒಂದೊಂದು ರೆಸಿನ್‌ಗೆ ಒಂದೊಂದು ಹೊತ್ತು, ಹೆಚ್ಚಿನವು ಬೆರೆಸಿದ ಮೇಲೆ 20ರಿಂದ 40 ನಿಮಿಷ ಹೊಯ್ಯುವ ಹದದಲ್ಲಿರುತ್ತವೆ. ಅಷ್ಟರೊಳಗೆ ಬಳಸದೆ ಕಪ್ಪಿನಲ್ಲೇ ಬಿಟ್ಟರೆ ಮೊದಲು ಕಪ್ಪಿನ ಹೊರಮೈ ಬೆಚ್ಚಗಾಗುತ್ತದೆ, ನೋಡುತ್ತಿದ್ದಂತೆ ಕೈ ಇಡಲಾಗದಷ್ಟು ಕಾಯುತ್ತದೆ, ಕಪ್ ಪ್ಲಾಸ್ಟಿಕ್ಕಿನದಾದರೆ ಸೊಟ್ಟಗಾಗಿ ಕುಸಿಯುತ್ತದೆ, ಹಳದಿ ಬಣ್ಣಕ್ಕೆ ತಿರುಗಿದ ರೆಸಿನ್ ಬಿರುಕುಬಿಟ್ಟು ಬಿಳಿ ಹೊಗೆ ಬರುತ್ತದೆ. ಹೊಗೆ ಕುಡಿಯಬೇಡಿ. ಬಿಸಿಯಾಗತೊಡಗಿದ ಕೂಡಲೇ ಅಗಲವಾದ ತಗಡಿನ ತಟ್ಟೆಗೆ ತೆಳುವಾಗಿ ಹರಡಿ ಬಾಲ್ಕನಿಗೆ ಇಡಿ, ಕಾಗದ, ಬಟ್ಟೆ ದೂರವಿರಲಿ. ತೆಳು ಪದರಕ್ಕೆಂದೇ ಇರುವ ಕೋಟಿಂಗ್ ರೆಸಿನ್ ಅನ್ನು ಒಂದು ಸಲಕ್ಕೆ 5–6 ಮಿ.ಮೀ.ಗಿಂತ ದಪ್ಪ ಹೊಯ್ಯಬಾರದು ಎನ್ನುವುದೂ ಇದೇ ಕಾರಣಕ್ಕೆ. ದಪ್ಪ ಕೆಲಸಕ್ಕೆ ನಿಧಾನವಾಗಿ ಗಟ್ಟಿಯಾಗುವ ಕಾಸ್ಟಿಂಗ್ ರೆಸಿನ್ ಬೇರೆ ಇದೆ.

ರೆಸಿನ್‌ನಲ್ಲಿ ಸಮುದ್ರದ ಅಲೆಯ ಚಿತ್ರ ಹೇಗೆ ಬರಿಸುತ್ತೀರಿ?

ನೀಲಿಯ ಬೇರೆ ಬೇರೆ ಛಾಯೆ ಹೊಯ್ದು, ದಡದ ಕಡೆ ಬಣ್ಣವಿಲ್ಲದ ತಿಳಿ ರೆಸಿನ್ ಬಿಟ್ಟು, ಅಂಚಿಗೆ ಬಿಳಿಯ ಒಂದು ತೆಳು ಗೆರೆ. ಹೀಟ್ ಗನ್‌ನಿಂದ ಆ ಬಿಳಿಯನ್ನು ತಿಳಿಯ ಮೇಲೆ ತಳ್ಳಿದರೆ ಅದು ಹರಿದು ಜಾಲರಿಯಾಗುತ್ತದೆ. ಎಲ್ಲ ನಿಂತಿರುವುದು ಹದದ ಮೇಲೆ. ಬಹಳ ತೆಳುವಿದ್ದಾಗ ತಳ್ಳಿದರೆ ಬಿಳಿ ನೀಲಿಯಲ್ಲಿ ಕದಡಿ ಮಾಯ, ಬಹಳ ದಪ್ಪವಾದ ಮೇಲೆ ಅಲುಗುವುದೇ ಇಲ್ಲ. ಕಡ್ಡಿ ಎತ್ತಿದಾಗ ಒಂದೆಳೆ ಪಾಕದಂತೆ ಎಳೆ ಬಂದರೆ ಆಗ ಸರಿಯಾದ ಹೊತ್ತು. ಬಿಳಿಗೆ ಪುಡಿಗಿಂತ ಗಟ್ಟಿ ಪೇಸ್ಟ್ ಒಳ್ಳೆಯದು. ಒಂದು ಅಲೆ ಒಣಗಿದ ಮೇಲೆ ಅದರ ಹಿಂದೆ ಇನ್ನೊಂದು ಹೊಯ್ದರೆ ಮೊದಲನೆಯದರ ನೆರಳು ಮರಳಿನ ಮೇಲೆ ಬಿದ್ದು ಆಳ ಕಾಣುತ್ತದೆ. ಆ ನೆರಳಿಗಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ ಅಂದರೂ ಸುಳ್ಳಲ್ಲ.

ಇದು ಪರಿಸರಸ್ನೇಹಿಯಾ? ಉಳಿದ ರೆಸಿನ್ ಏನು ಮಾಡಬೇಕು?

ಪರಿಸರಸ್ನೇಹಿ ಎಂದು ನಾನು ಮಾರುವುದಿಲ್ಲ. ಒಂದಿಷ್ಟು ಭಾಗ ಸಸ್ಯಮೂಲದಿಂದ ಬಂದ ರೆಸಿನ್‌ಗಳು ಇವೆ, ಗಟ್ಟಿಯಾದ ಮೇಲೆ ಅವೂ ಪ್ಲಾಸ್ಟಿಕ್ಕೇ. ಕರಗಿಸಿ ಮರುಬಳಸಲು ಬಾರದ, ಮಣ್ಣಾಗದ ವಸ್ತು. ಅದಕ್ಕೇ ‘ರಿಟರ್ನ್ ಗಿಫ್ಟ್‌ಗೆ ನೂರು ಕೀ-ಚೈನ್’ ಆರ್ಡರ್ ತೆಗೆದುಕೊಳ್ಳುವುದು ನಿಲ್ಲಿಸಿದ್ದೇನೆ, ಅವು ತಿಂಗಳಲ್ಲಿ ಕಸದ ಬುಟ್ಟಿಗೆ ಬೀಳುತ್ತವೆ.

ಹಸಿ ರೆಸಿನ್ ಅಥವಾ ಹಾರ್ಡನರ್ ಅನ್ನು ಸಿಂಕಿಗೆ, ಮೋರಿಗೆ ಸುರಿಯಬೇಡಿ. ಪೈಪಿನಲ್ಲಿ ಗಟ್ಟಿಯಾದರೆ ಕೆಳಗಿನ ಮನೆಯವರು ಸೊಸೈಟಿ ಮೀಟಿಂಗಿನಲ್ಲಿ ನಿಮ್ಮ ಹೆಸರು ಎತ್ತುತ್ತಾರೆ, ಅದು ಹೊಳೆ, ಕೆರೆಯ ನೀರಿಗೆ ಸೇರಿದರೆ ಮೀನಿಗೆ ವಿಷ. ಉಳಿದದ್ದನ್ನು ಅಳತೆಯಂತೆ ಬೆರೆಸಿ, ಚಿಕ್ಕ ಅಚ್ಚುಗಳಿಗೆ ಹೊಯ್ದು ಗಟ್ಟಿ ಮಾಡಿ. ನಾನು ಅದಕ್ಕೆಂದೇ ಬಟನ್ ಅಚ್ಚು ಇಟ್ಟುಕೊಂಡಿದ್ದೇನೆ. ಗ್ಲೌಸು, ಕಪ್ಪು, ಕಡ್ಡಿಗಳನ್ನು ಪೂರ್ತಿ ಒಣಗಿದ ಮೇಲೆ ಒಣಕಸಕ್ಕೆ ಹಾಕಿ. ಕಪ್ ಸಿಲಿಕೋನ್ ಅಥವಾ ಬಗ್ಗುವ ಪ್ಲಾಸ್ಟಿಕ್ಕಿನದಾದರೆ ಮರುದಿನ ಹಿಂಡಿದರೆ ಒಳಗಿನ ಪದರ ಸಿಪ್ಪೆಯಂತೆ ಸುಲಿದು ಬರುತ್ತದೆ, ಅದೇ ಕಪ್ಪನ್ನು ಮತ್ತೆ ಬಳಸಬಹುದು.